ಬಾಗಿಲಿಗೆ ಕಟ್ಟಿದ ಸೆರಗು

ಹೋದ ವರ್ಷ ನವೆಂಬರಿನ ಒಂದು ಮಂಗಳವಾರ ನನ್ನ ಗಂಡ ಶರಣಬಸವ ಬೆಳಿಗ್ಗೆ ಎಂಟಕ್ಕೆ ಮಲಗಿ ಮಧ್ಯಾಹ್ನ ಎರಡೂವರೆಗೆ ಎದ್ದ. ಅಷ್ಟು ಒಳ್ಳೆಯ ನಿದ್ದೆ ಅವನಿಗೆ ಎಷ್ಟೋ ತಿಂಗಳಿಂದ ಬಂದಿರಲಿಲ್ಲವಂತೆ. ಹೆಗಲಿಗೆ ಟಾವೆಲ್ ಹಾಕಿಕೊಂಡು ಸಿಳ್ಳೆ ಹೊಡೆಯುತ್ತ ಬಾಗಿಲು ತೆರೆದ. ಹೊರಗೆ ನಮ್ಮ ಲೈನಿನ ಸಾಲುಮನೆಗಳ ಜನರೆಲ್ಲ ಕೂತಿದ್ದರು. ಕಟ್ಟೆಗಳ ಮೇಲೆ, ಕಾಂಪೌಂಡಿನ ಮೇಲೆ, ನಲ್ಲಿಯ ಸುತ್ತ, ನಿಲ್ಲಿಸಿದ ಸ್ಕೂಟರುಗಳ ಮೇಲೆ. ಮೂವತ್ತು ನಲವತ್ತು ಮಂದಿ. ಒಬ್ಬರೂ ಮಾತಾಡುತ್ತಿರಲಿಲ್ಲ. ಅವನು ತಾನಾಗಿ ಏಳಲಿ ಎಂದು ಹತ್ತು ಗಂಟೆಯಿಂದ ಕಾಯುತ್ತಿದ್ದರು. ಅವನ ತಾಯಿ ತಾಯವ್ವ ಒಂಬತ್ತೂಕಾಲಿಗೇ ತೀರಿಕೊಂಡಿದ್ದರು.

ಯಾರೂ ಅವನನ್ನು ಎಬ್ಬಿಸಿರಲಿಲ್ಲ. ಬಾಗಿಲಿಗೆ ಬಟ್ಟೆ ಕಟ್ಟಿತ್ತು.

ಅಂಬಿಕಾನಗರದಲ್ಲಿ ಇರದವರಿಗೆ ಇದು ಹುಚ್ಚುತನ ಅನ್ನಿಸಬಹುದು. ನಮ್ಮದು ಕಾಳಿ ನದಿಯ ನೀರಿನಿಂದ ಕರೆಂಟು ಮಾಡುವವರ ಕಾಲೊನಿ. ಎರಡು ಮೂರು ಮನೆಗೊಬ್ಬ ರಾತ್ರಿ ಪಾಳಿಯವ ಇರುತ್ತಾನೆ. ಕೆಳಗೆ ಪವರ್‌ಹೌಸಿನಲ್ಲಿ ರಾತ್ರಿಯೆಲ್ಲ ಮೀಟರುಗಳ ಮುಂದೆ ಕಣ್ಣು ತೆರೆದು ಕೂತು, ಬೆಳಿಗ್ಗೆ ಸ್ಟಾಫ್ ಬಸ್ಸಿನಲ್ಲಿ ಘಟ್ಟ ಹತ್ತಿ ಬಂದು ಮಲಗುತ್ತಾನೆ. ಅವನ ನಿದ್ದೆ ಅವನೊಬ್ಬನದಲ್ಲ. ಚಿಲಕಕ್ಕೆ ಒಂದು ತುಂಡು ಬಟ್ಟೆ ಕಟ್ಟಿದ್ದರೆ ಒಳಗೆ ಪಾಳಿಯವ ಮಲಗಿದ್ದಾನೆ ಎಂದು ಅರ್ಥ. ಹಾಲಿನವ ಗಂಟೆ ಬಾರಿಸದೆ ಪಾಕೀಟು ಇಟ್ಟುಹೋಗುತ್ತಾನೆ. ಹುಡುಗರು ಕ್ರಿಕೆಟ್ಟನ್ನು ಮುಂದಿನ ಲೈನಿಗೆ ಒಯ್ಯುತ್ತಾರೆ. ಹೆಂಗಸರು ಕುಕ್ಕರ್ ಏರಿಸುವ ಮುನ್ನ ಒಮ್ಮೆ ಹೊರಗೆ ಬಂದು ಬಾಗಿಲುಗಳನ್ನು ನೋಡಿಕೊಳ್ಳುತ್ತಾರೆ. ಪಕ್ಕದ ಮನೆಗೆ ಬಟ್ಟೆ ಕಟ್ಟಿದ್ದರೆ ಆವತ್ತು ಬೇಳೆ ಪಾತ್ರೆಯಲ್ಲೇ ಬೇಯಬೇಕು. ಚುನಾವಣೆಯ ಪ್ರಚಾರಕ್ಕೆ ಬಂದವರು ಕೂಡ ನಮ್ಮ ಲೈನಿನಲ್ಲಿ ಪಿಸುಗುಟ್ಟಿಯೇ ಮತ ಕೇಳಿದ್ದಾರೆ.

ನಮ್ಮತ್ತೆ ಮುಂಡಗೋಡ ತಾಲೂಕಿನ ಮಳಗಿಯವರು. ಹೊಲ ಮನೆ ದೊಡ್ಡ ಮಗ ಸೋಮಪ್ಪನಿಗೆ ಒಪ್ಪಿಸಿ, ಮೂರು ವರ್ಷದ ಹಿಂದೆ ನಮ್ಮಲ್ಲಿಗೆ ಬಂದಾಗ ಈ ಪದ್ಧತಿ ನೋಡಿ ಮೊದಲ ದಿನ ಹೊಟ್ಟೆ ಹಿಡಿದುಕೊಂಡು ನಕ್ಕರು. "ಗಂಡಸು ಮಲಗ್ಯಾನಂತ ಊರಿಗೆಲ್ಲ ಧ್ವಜಾ ಏರಿಸ್ತಾರಲ್ಲ ಯವ್ವಾ!" ಅಂದರು. ಮೂರನೆಯ ದಿನ ತಮ್ಮ ಹಳೆಯ ಇಳಕಲ್ ಸೀರೆಯ ಕೆಂಪು ಸೆರಗು ಹರಿದು ತಾವೇ ಕಟ್ಟಿದರು. ಆಮೇಲೆ ಅವರಷ್ಟು ಕಟ್ಟುನಿಟ್ಟಿನ ಕಾವಲುಗಾರರು ಕಾಲೊನಿಯಲ್ಲಿ ಇರಲಿಲ್ಲ. ಮಗ ಮಲಗಿದ ಮೇಲೆ ಅವನ ಫೋನನ್ನು ಅಕ್ಕಿ ಡಬ್ಬಿಯೊಳಗೆ ಹುಗಿದಿಟ್ಟು, ಹಣೆಗೆ ವಿಭೂತಿ ಹಚ್ಚಿಕೊಂಡು, ಚಹಾದ ಲೋಟ ಹಿಡಿದು ಮುಂದಿನ ಮೆಟ್ಟಿಲ ಮೇಲೆ ಕೂರುವರು. ಕೈಯಲ್ಲಿ ಹಳೆಯ ಸೀರೆಗಳನ್ನು ಕೂಡಿಸಿ ಹೊಲಿಯುತ್ತಿದ್ದ ಹೊದಿಕೆ, ಕೌದಿ. ಕಾಗೆ ಬಂದರೂ "ಹುಶ್ಶ್" ಎಂದು ಅದಕ್ಕಿಂತ ಮೆಲ್ಲಗೆ ಓಡಿಸುವರು.

ಅವರಿಗೆ ಇನ್ನೊಂದು ನೇಮವಿತ್ತು. ಕನಸು ಬಿದ್ದರೆ ಅದನ್ನು ಯಾರಿಗಾದರೂ ಹೇಳಿದ ಮೇಲೆಯೇ ಬಾಯಿಗೆ ಏನಾದರೂ ಹಾಕುವುದು. ಹೊಟ್ಟೆಗೆ ಅನ್ನ ಬಿದ್ದರೆ ಕನಸು ಅದರಡಿ ಮುಳುಗಿಹೋಗುತ್ತದೆ ಎನ್ನುವರು. ದಿನಾ ಬೆಳಿಗ್ಗೆ ನಾನು ಜಡೆ ಹೆಣೆದುಕೊಳ್ಳುವಾಗ ಬಂದು ಬಾಗಿಲಿಗೆ ಒರಗಿ ಹೇಳುವರು. ಹೆಚ್ಚಾಗಿ ಸತ್ತ ಎಮ್ಮೆಗಳು, ಬದುಕಿರುವ ನೆಗೆಣ್ಣಿಯರು.

ಆ ಮಂಗಳವಾರ ನನಗೆ ಹೇಳಲಿಲ್ಲ.

ನಾನು ಜೊಯಿಡಾದ ತಾಲೂಕು ಕಚೇರಿಯಲ್ಲಿ ಗುಮಾಸ್ತೆ. ಏಳೂ ಇಪ್ಪತ್ತರ ಬಸ್ಸು ಹಿಡಿದು ದಾಂಡೇಲಿಗೆ ಹೋಗಿ, ಅಲ್ಲಿಂದ ಇನ್ನೊಂದು ಹಿಡಿಯಬೇಕು. ಶರಣಬಸವನ ಬಸ್ಸು ಬರುವುದು ಏಳಕ್ಕೆ. ರಾತ್ರಿ ಪಾಳಿಯ ವಾರದಲ್ಲಿ ನಾವು ಗಂಡ ಹೆಂಡತಿ ಬಾಗಿಲಲ್ಲಿ ಭೇಟಿಯಾಗುವವರು. ಅವನು ಚಪ್ಪಲಿ ಬಿಡುವಾಗ ನಾನು ಚಪ್ಪಲಿ ಮೆಟ್ಟುತ್ತೇನೆ.

"ಅತ್ತಿ, ಇವತ್ತ ಕನಸಿಲ್ಲೇನ್ರಿ?" ಎಂದು ಕೇಳಿದೆ.

"ಐತೆವ್ವ. ಆದ್ರ ಇದು ಅವಂದು. ಅವಗs ಹೇಳ್ಬೇಕು," ಎಂದು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು.

ಶರಣಬಸವ ಬಂದ. ಕಣ್ಣು ಕೆಂಡವಾಗಿದ್ದವು, ರಾತ್ರಿ ಒಂದು ಮಶೀನು ಎರಡು ಸಲ ನಿಂತಿತ್ತಂತೆ. ಅತ್ತೆ ಅವನ ಕೈಯಿಂದ ಚೀಲ ಇಸಿದುಕೊಂಡು, "ಶರಣ್ಯಾ, ನಿನಗೊಂದು ಮಜಾ ಕನಸು ಹೇಳೂದೈತಿ" ಎಂದರು.

"ಈಗ ತಲಿ ತಿನ್ನಬ್ಯಾಡಬೇ. ಮಲಗ್ತೇನಿ."

ಬಸ್ಸಿನ ಹಾರ್ನು ಕೇಳಿಸಿತು. ನಾನು ಓಡಿದೆ. ನಾನು ಕೇಳಿದ್ದು ಅಷ್ಟೇ. ಅವನಿಗೆ ನೆನಪಿದ್ದದ್ದೂ ಅಷ್ಟೇ.

ಮುಂದಿನದ್ದನ್ನು ನಾವು ತುಂಡು ತುಂಡಾಗಿ ಕೇಳಿ ತಿಳಿದುಕೊಂಡೆವು. ಎಂಟೂವರೆಗೆ ಪಕ್ಕದ ಮನೆಯ ಶಾಂತಾದೇವಿ ಅಂಗಳ ಗುಡಿಸಲು ಬಂದಾಗ ಅತ್ತೆ ಕಂಬಕ್ಕೆ ಒರಗಿ, ಎದೆಯ ಮೇಲೆ ಕೈ ಇಟ್ಟುಕೊಂಡಿದ್ದರು. ಬೆವರುತ್ತಿದ್ದರು. ಪಕ್ಕದಲ್ಲಿ ಚಹಾ ಹಾಗೇ ಇತ್ತು. ಶಾಂತಾದೇವಿ ಬಾಗಿಲು ಬಡಿಯಲು ಕೈ ಎತ್ತಿದರೆ ಅತ್ತೆ ಆ ಕೈ ಹಿಡಿದುಕೊಂಡರಂತೆ. "ಎಬ್ಬಸಬ್ಯಾಡ. ರಾತ್ರಿಯೆಲ್ಲ ಎದ್ದಿದ್ದಾನ. ನಾವು ಹೋಗಿ ತೋರಿಸಿಕೊಂಡು ಬರೂಣು." ಶಾಂತಾದೇವಿಯ ಗಂಡ ಮಲಕಪ್ಪನವರ ಓಮ್ನಿಯಲ್ಲಿ ಹೊರಟರು. ಕುಳಗಿ ದಾಟುವಷ್ಟರಲ್ಲಿ ಮುಗಿದಿತ್ತು. ಮಗ ಎದ್ದಿದ್ದರೂ, ವಿಮಾನವೇ ಇದ್ದಿದ್ದರೂ ಏನೂ ಆಗುತ್ತಿರಲಿಲ್ಲ ಎಂದು ದಾಂಡೇಲಿಯ ಡಾಕ್ಟರು ಹೇಳಿದರು. ನನಗೆ ಸುದ್ದಿ ಬಂದಾಗ ನಾನು ಅವನಿಗೆ ಹನ್ನೊಂದು ಸಲ ಫೋನು ಮಾಡಿದೆ. ಅದು ಅಕ್ಕಿಯೊಳಗೆ ನಡುಗುತ್ತಿತ್ತು. ಮೂಲೆ ಮನೆಯ ಮಾಲವ್ವನಿಗೆ ಫೋನು ಮಾಡಿ, "ಅವರನ್ನ ಎಬ್ಬಸ್ರಿ" ಎಂದೆ. ಮಾಲವ್ವ ಹೋಗಿ ಬಾಗಿಲ ಮುಂದೆ ನಿಂತಳು. ಕೆಂಪು ಸೆರಗು ನೋಡಿದಳು. ಎದ್ದರೆ ಮತ್ತೆ ಯಾವಾಗ ಮಲಗುತ್ತಾನೋ, ಮಳಗಿಗೆ ಒಯ್ಯಬೇಕು, ಮಣ್ಣು ಮಾಡಬೇಕು, ಇನ್ನೆರಡು ತಾಸು ಮಲಗಲಿ ಅನ್ನಿಸಿತು. ಅವಳ ಹಿಂದೆ ಬಂದವರಿಗೂ ಹಾಗೇ ಅನ್ನಿಸಿತು. ಲೈನಿಗೆ ಲೈನೇ ಕಟ್ಟೆಯ ಮೇಲೆ ಕೂತಿತು. ಆವತ್ತು ಯಾರ ಮನೆಯಲ್ಲೂ ಒಲೆ ಹೊತ್ತಲಿಲ್ಲ, ಒಂದು ಮಗು ಅತ್ತರೆ ಅದನ್ನು ಮುಂದಿನ ಲೈನಿಗೆ ಎತ್ತಿಕೊಂಡು ಹೋದರು. ನಾನು ಅಷ್ಟೂ ಹೊತ್ತು ದಾಂಡೇಲಿಯ ಆಸ್ಪತ್ರೆಯಲ್ಲಿ ಅತ್ತೆಯ ಹತ್ತಿರ ಇದ್ದೆ.

ಇದಕ್ಕಿಂತ ದೊಡ್ಡ ಪ್ರೀತಿಯನ್ನು ನಾನು ನೋಡಿಲ್ಲ. ಇದಕ್ಕಿಂತ ದೊಡ್ಡ ತಪ್ಪನ್ನೂ.

*

ಅಂದಿನಿಂದ ಶರಣಬಸವ ಹಗಲು ಮಲಗಲಿಲ್ಲ. ರಾತ್ರಿ ಪಾಳಿ ಮುಗಿಸಿ ಬಂದರೆ ವರಾಂಡದಲ್ಲಿ ಕುರ್ಚಿ ಹಾಕಿಕೊಂಡು, ಬಾಗಿಲನ್ನು ಹಾರು ಹೊಡೆದು, ಫೋನನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂರುವನು. ಪಾಳಿ ಇಲ್ಲದ ರಾತ್ರಿಗಳಲ್ಲಿ ಎರಡು ತಾಸು, ಮೂರು ತಾಸು. ಅದೂ ಗೋಡೆಗೆ ಒರಗಿಕೊಂಡು, ಬಸ್ಸಿನಲ್ಲಿ ಮಲಗುವವರ ಹಾಗೆ. ತೂಕ ಒಂಬತ್ತು ಕಿಲೋ ಇಳಿಯಿತು. ಚಹಾಕ್ಕೆ ಉಪ್ಪು ಹಾಕಿಕೊಂಡು ಕುಡಿದು ಲೋಟ ತೊಳೆದಿಟ್ಟ, ಗೊತ್ತೇ ಆಗಲಿಲ್ಲ. ಬಾಗಿಲಿಗೆ ಕಟ್ಟುತ್ತಿದ್ದ ಸೆರಗಿನ ತುಂಡು ಮನೆಯಲ್ಲಿ ಎಲ್ಲೂ ಇರಲಿಲ್ಲ. ಒಗೆಯುವ ಮುನ್ನ ಅವನ ಅಂಗಿಯ ಕಿಸೆ ನೋಡಿದಾಗ ಸಿಕ್ಕಿತು, ಗುರುತಿನ ಚೀಟಿಯ ಹಿಂದೆ ನಾಲ್ಕು ಮಡಿಕೆಯಾಗಿ. ಹಾಗೇ ಇಟ್ಟೆ.

ಈ ಅಕ್ಟೋಬರಿನಲ್ಲಿ ನನ್ನ ಬಸ್ಸು ತಪ್ಪಿತು. ರಾತ್ರಿ ಪಾಳಿ ಮುಗಿಸಿ ಬಂದವನು ಅದೇ ಬಟ್ಟೆಯಲ್ಲಿ, "ಹತ್ತು, ದಾಂಡೇಲಿ ತನಕ ಬಿಟ್ಟು ಬರ್ತೇನಿ" ಎಂದು ಬೈಕು ತೆಗೆದ. ಕಾಡಿನ ದಾರಿ, ಬಿಸಿಲು ಇನ್ನೂ ಕೆಳಗೆ ಇಳಿದಿರಲಿಲ್ಲ. ನಾನು ಏನೋ ಹೇಳುತ್ತಿದ್ದೆ. ಅವನ ಬೆನ್ನು ಭಾರವಾಗಿ ನನ್ನ ಎದೆಗೆ ಒರಗಿತು. ಎಷ್ಟು ದಿನದ ಮೇಲೆ ಹೀಗೆ ಒರಗಿದ ಎಂದು ನನಗೆ ಒಂದು ಕ್ಷಣ ಸುಖವೇ ಆಯಿತು. ಆಮೇಲೆ ಬೈಕು ರಸ್ತೆ ಬಿಟ್ಟು ಬಿದಿರ ಮೆಳೆಯೊಳಗೆ ನುಗ್ಗಿತು.

ಮೊಣಕಾಲು ತರಚಿದ್ದು ಬಿಟ್ಟರೆ ಇಬ್ಬರಿಗೂ ಏನೂ ಆಗಲಿಲ್ಲ. ಎದುರಿಗೆ ಲಾರಿ ಬರಲಿಲ್ಲ, ಅಷ್ಟೇ. ಕಚೇರಿಗೆ ಹೋಗದೆ ಅವನನ್ನು ಹಳಿಯಾಳದಲ್ಲಿ ಒಬ್ಬ ಮನೋವೈದ್ಯೆಯ ಹತ್ತಿರ ಕರೆದುಕೊಂಡು ಹೋದೆ. ನನಗಿಂತ ಚಿಕ್ಕ ಹುಡುಗಿ. ಎಲ್ಲ ಕೇಳಿಸಿಕೊಂಡು, ಬರೆಯುವುದನ್ನು ನಿಲ್ಲಿಸಿ, "ಸರ್, ನಾವು ಮಲಗಿದಾಗ ಮೆದುಳು ಸುಮ್ಮನಿರೋದಿಲ್ಲ" ಎಂದಳು. "ದಿನದ ನೆನಪುಗಳನ್ನ ತೆಗೆದು ಮತ್ತೆ ನೋಡ್ತದೆ. ಮನಸ್ಸಿಗೆ ತಾಗಿದ್ದನ್ನ ಮೊದಲು. ನಡೆದದ್ದನ್ನ ಜೋಪಾನವಾಗಿ ಇಡ್ತದೆ, ಅದಕ್ಕೆ ಅಂಟಿರೋ ಉರಿಯನ್ನ ಮಾತ್ರ ಸ್ವಲ್ಪ ಸ್ವಲ್ಪ ಕಡಿಮೆ ಮಾಡ್ತದೆ. ಎಲ್ಲರಿಗೂ ಎಲ್ಲ ಸಲವೂ ಹಾಗೇ ಆಗ್ತದೆ ಅಂತಲ್ಲ. ಆದರೆ ನೀವು ಅದಕ್ಕೆ ಅವಕಾಶವನ್ನೇ ಕೊಟ್ಟಿಲ್ಲ. ಹನ್ನೊಂದು ತಿಂಗಳಾದ್ರೂ ನಿಮಗೆ ಅದು ನಿನ್ನೆಯ ಬೆಳಿಗ್ಗೆ."

ಮಾತ್ರೆ ಬರೆದುಕೊಟ್ಟಳು. ಬಸ್‌ಸ್ಟ್ಯಾಂಡಿನಲ್ಲಿ ಶರಣಬಸವ ಆ ಚೀಟಿಯನ್ನು ಮಡಚಿ ನನ್ನ ಕೈಯಲ್ಲಿಟ್ಟ.

"ನಾ ನುಂಗಂಗಿಲ್ಲ."

"ಯಾಕ್ರಿ?"

"ಅಕಿ ಏನಂದ್ಲು ಕೇಳಿದ್ಯಲ್ಲ. ಮಲಗಿದ್ರ ಉರಿ ಕಡಿಮಿ ಆಗತೈತಿ."

"ಆಗ್ಲಿ ಅಂತನs ಹೋಗಿದ್ದು."

ಅವನು ಎದುರಿನ ಮೆಣಸಿನಕಾಯಿ ಬಜ್ಜಿಯ ಗಾಡಿ ನೋಡುತ್ತಿದ್ದ. "ಸುನಂದಾ, ಅವ್ವನ ಮಾರಿ ನನಗ ಈಗ ಸರಿಯಾಗಿ ಕಾಣಂಗಿಲ್ಲ. ಧ್ವನಿ ಬರಂಗಿಲ್ಲ. ಫೋಟೋ ನೋಡಿದ್ರ ಫೋಟೋನs ನೆನಪಾಗತೈತಿ. ಖರೇ ಅಂತ ಉಳದದ್ದು ಈ ಉರಿ ಒಂದs. ತಲಿ ತಿನ್ನಬ್ಯಾಡ ಅಂದೆ ನೋಡು, ಅದು. ಅದನ್ನೂ ನಿದ್ದಿ ತೊಳದು ಒಯ್ದರ ನನ್ನ ಹತ್ರ ಅಕೀದು ಏನೂ ಇರಂಗಿಲ್ಲ."

ಮತ್ತೆ ಹೇಳಿದ: "ಹಸಿದ ಹೊಟ್ಟಿಲೇ ಹೋದ್ಲು. ನನಗ ಹೇಳ್ಬೇಕಂತ ಚಹಾನೂ ಕುಡೀಲಿಲ್ಲ."

ನಾನು ಗಾಡಿಯ ಕಡೆ ಹೋದೆ. ಬಜ್ಜಿ ತಂದುಕೊಟ್ಟೆ. ತಿಂದ.

*

ಮರುದಿನ ಬೆಳಿಗ್ಗೆ ರಜೆ ಹಾಕಿ ಪಕ್ಕದ ಮನೆಗೆ ಹೋದೆ.

ಶಾಂತಾದೇವಿ ನಮ್ಮ ಜೊತೆ ಮಾತು ಬಿಟ್ಟು ಹನ್ನೊಂದು ತಿಂಗಳಾಗಿತ್ತು. ಜಗಳವಾಗಿರಲಿಲ್ಲ. ಮಣ್ಣು ಮುಗಿಸಿ ಮಳಗಿಯಿಂದ ಬಂದ ದಿನದಿಂದ ಅವರು ಹಿತ್ತಲ ಬಾಗಿಲಿನಿಂದ ಓಡಾಡತೊಡಗಿದ್ದರು. ಅಂಗಳ ಗುಡಿಸುವುದು ಮಲಕಪ್ಪನವರ ಪಾಲಿಗೆ ಬಂದಿತ್ತು. ಐವತ್ತಾರು ವರ್ಷದ ಆ ಮನುಷ್ಯ ದಿನಾ ಬೆಳಿಗ್ಗೆ ಕಸಬರಿಗೆ ಹಿಡಿದು ಒಂದು ಮೂಲೆಯ ಕಸವನ್ನು ಇನ್ನೊಂದು ಮೂಲೆಗೆ ಕಳಿಸಿ ಒಳಗೆ ಹೋಗುತ್ತಿದ್ದರು.

ಬಾಗಿಲು ತೆರೆದವರೂ ಅವರೇ. "ಬಾರವ್ವ, ಬಾ. ಲೇ, ಸುನಂದಾ ಬಂದಾಳ! ಹಿತ್ತಲಿಗೆ ಓಡಬ್ಯಾಡ, ಅಲ್ಲೆ ನಾನು ಸೈಕಲ್ ಅಡ್ಡ ನಿಲ್ಲಿಸೇನಿ."

ಶಾಂತಾದೇವಿ ಅಡುಗೆಮನೆಯ ಬಾಗಿಲಲ್ಲಿ ನಿಂತರು. ಕೈಯೆಲ್ಲ ರೊಟ್ಟಿಯ ಹಿಟ್ಟು. ನನ್ನ ಮುಖ ನೋಡಲಿಲ್ಲ, ಕಾಲು ನೋಡಿ, "ಮೊಣಕಾಲಿಗೆ ಏನಾತು?" ಎಂದರು.

ಹೇಳಿದೆ. ಬೈಕು, ಬಿದಿರು, ಡಾಕ್ಟರು, ಬಜ್ಜಿ, ಎಲ್ಲ. "ಅಕ್ಕಾರ, ಇನ್ನೊಂದು ಸಲ ಹಿಂಗಾದ್ರ ನಾ ಅವರನ್ನ ಕಳಕೋತೇನಿ. ಅವರು ಮಲಗ್ಬೇಕು. ಅವರ ಮುಂದ ಯಾರಾದ್ರೂ ಮೆಟ್ಟಲ ಮ್ಯಾಲ ಕುಂತರ ಮಲಗಬಹುದು ಅನಸ್ತೈತಿ. ನೀವs ಕುಂದರಬೇಕು."

"ನಾನಾ?" ಶಾಂತಾದೇವಿ ಹಿಂದೆ ಸರಿದರು. "ಎತ್ತಿದ ಕೈ ಇಳಿಸಿದಾಕಿ ನಾನು. ಎಲ್ಲಾ ಬಿಟ್ಟು ನಾನs ಕುಂದರಬೇಕಾ?"

"ನೀವು ಇಳಿಸಲಿಲ್ಲ. ಅತ್ತಿ ಹಿಡದ್ರು."

"ಎದಿ ನೋವಿನ ಮುದುಕಿ ಎಷ್ಟು ಗಟ್ಟಿ ಹಿಡದಾಳು ಸುನಂದಾ? ಬಿಡಿಸಿಕೋಬಹುದಿತ್ತು. ಬಾಗಿಲಿಗೆ ಬಟ್ಟಿ ಇತ್ತು ನೋಡು, ನನಗೂ ಕೈ ಬರಲಿಲ್ಲ." ಅವರು ಹಿಟ್ಟಿನ ಕೈಯಿಂದಲೇ ಕಣ್ಣು ಒರೆಸಿಕೊಂಡರು. "ಮ್ಯಾಲಿಂದ ಅವನ ಮುಂದ ಬಂದ್ರ ಅದನ್ನ ಹೇಳಬೇಕಾಗತೈತಿ. ತಾಯವ್ವ ಹೇಳಬ್ಯಾಡ ಅಂದಾಳ."

"ಯಾವುದನ್ನ?"

ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಲಕಪ್ಪನವರು ಕೆಮ್ಮಿದರು. "ನಾ ಗಾಡಿ ಹೊಡೀತಿದ್ದೆ. ನನಗ ಅರ್ಧ ಕೇಳಿಸೇತಿ. ಪೂರಾ ಇಕಿ ಹತ್ರನs ಐತಿ."

"ಕನಸು," ಎಂದರು ಶಾಂತಾದೇವಿ. "ಗಾಡಿಯಾಗ ಹೇಳಿದ್ಲು. ಬಾಯಿ ಒಣಗೇತಿ, ಒಂದು ಗುಟುಕು ನೀರು ಕುಡೀತೇನಿ, ಕುಡದ್ರ ಮರತೀನಿ, ಅದಕ್ಕ ನೀನು ಕೇಳಿಟಗೋ ಅಂದ್ಲು. ಹೇಳಿ ನೀರು ಕುಡದ್ಲು. ಆಮ್ಯಾಲ, ಅವಗ ಮಾತ್ರ ನೀ ಹೇಳಬ್ಯಾಡ, ಸಂಜೀಕ ನಾನs ಹೇಳ್ತೇನಿ ಅಂದ್ಲು. ಹನ್ನೊಂದು ತಿಂಗಳಾತು. ಅಕೀ ಸಂಜಿ ಇನ್ನೂ ಬಂದಿಲ್ಲ. ನಾ ಏನು ಮಾಡ್ಲಿ?"

ಒಲೆಯ ಮೇಲೆ ರೊಟ್ಟಿ ಸೀಯುತ್ತಿರುವ ವಾಸನೆ ಬಂತು. ಯಾರೂ ಅದರ ಕಡೆ ನೋಡಲಿಲ್ಲ. ನಾನು ಅವರ ಹಿಟ್ಟಿನ ಕೈ ಹಿಡಿದು ಎಳೆದೆ. ಗಟ್ಟಿಯಾಗಿ ಹಿಡಿದಿದ್ದೆ. ಅವರು ಬಿಡಿಸಿಕೊಳ್ಳಲಿಲ್ಲ.

*

ಶರಣಬಸವ ವರಾಂಡದ ಕುರ್ಚಿಯಲ್ಲಿದ್ದ. ಶಾಂತಾದೇವಿಯನ್ನು ನೋಡಿ ಎದ್ದು ನಿಂತ. ಕುರ್ಚಿ ಹಿಂದಕ್ಕೆ ಬಿತ್ತು.

"ಕುಂದ್ರು ತಮ್ಮಾ. ಕುಂದ್ರು," ಎಂದು ಅವರು ತಾವೇ ಮೆಟ್ಟಿಲ ಮೇಲೆ ಕೂತರು. ಅತ್ತೆ ಕೂರುತ್ತಿದ್ದ ಮೆಟ್ಟಿಲೇ. "ಏನು ಮಾರಿ ಮಾಡ್ಕೊಂಡೀಯೋ! ಬೆದರಗೊಂಬಿಗೆ ಅಂಗಿ ಹಾಕಿದಂಗ ಆಗೀದಿ. ತಾಯವ್ವ ನೋಡಿದ್ರ ನಿನ್ನ ಬಿಟ್ಟು ನನ್ನ ಬೈತಿದ್ಲು, ಮಗ್ಗಲ ಮನಿಯಾಗಿದ್ದು ಏನು ಮಾಡಿದಿ ಅಂತ."

ಅವನು ಬಿದ್ದ ಕುರ್ಚಿ ಎತ್ತಿ ನಿಲ್ಲಿಸಿದ. ಅವರು ಸೆರಗಿಗೆ ಕೈ ಒರೆಸಿಕೊಂಡು, ಅವನನ್ನು ನೋಡದೆ, ನಲ್ಲಿಯ ಕಡೆ ನೋಡುತ್ತ ಒಂದೇ ಉಸಿರಿನಲ್ಲಿ ಹೇಳತೊಡಗಿದರು.

"ನಿಮ್ಮವ್ವ ಕನಸಿನಾಗ ಪವರ್‌ಹೌಸಿಗೆ ಹೋಗಿದ್ಲಂತ. ಎಂದೂ ನೋಡಿದ್ದಿಲ್ಲಲ್ಲ, ಅದಕ್ಕ ಅಕಿಗೆ ಅದು ದೊಡ್ಡ ದನದ ಕೊಟ್ಟಿಗಿ ಹಂಗ ಕಾಣಸ್ತು. ನಿಮ್ಮ ಮಶೀನು ಎಲ್ಲಾ ಎಮ್ಮಿ. ಸಾಲಾಗಿ ಮಲಗಿ ಉಸಿರು ಬಿಡ್ತಿದ್ದವು, ಗುರ್ರ್ ಅಂತ. ನೀನು ಅವುಗಳ ನಡುವ ಕರುವಿನಂಗ ಮುದುಡಿ ಮಲಗೀದಿ. ಅಕಿ ಒಂದೊಂದು ಎಮ್ಮಿ ಹತ್ರ ಹೋಗಿ, ಮೈ ತಟ್ಟಿ, ಸುಮ್ಕಿರ್ರೇ, ನನ್ನ ಮಗ ಮಲಗ್ಯಾನ, ಅಂದ್ಲಂತ. ಒಂದೊಂದs ಸುಮ್ಮನಾದುವು. ಎಲ್ಲಾದಕ್ಕೂ ಕೌದಿ ಹೊಚ್ಚಿದ್ಲು. ಅಷ್ಟು ಕೌದಿ ಎಲ್ಲಿಂದ ಬಂದ್ವೇ ಅಂದೆ. ಕನಸಿನಾಗ ಲೆಕ್ಕ ಕೇಳ್ತಾರೇನ ಅಂದ್ಲು."

ಶರಣಬಸವನ ಬಾಯಿ ತೆರೆದಿತ್ತು.

"ಮಶೀನು ನಿಂತ್ವಲ್ಲ, ಕರೆಂಟ್ ಹೋತು. ಇಡೀ ದಾಂಡೇಲಿ ಹೋತು, ಹಳಿಯಾಳ ಹೋತು, ಧಾರವಾಡ ಹೋತು. ನಿಮ್ಮವ್ವಗ ಅಂಜಿಕಿ, ನನ್ನ ಮಗನ್ನ ಸಾಹೇಬ ಬೈತಾನಂತ. ಬಾಗಿಲಿಗೆ ಬಂದು ಹೊರಗ ನೋಡಿದ್ರ, ಊರ ಮಂದಿಯೆಲ್ಲ ಇದ್ದಲ್ಲೇ ಮಲಗ್ಯಾರ. ಒಬ್ರೂ ಬೈಲಿಲ್ಲ. ನಿಮ್ಮ ಸಾಹೇಬನೂ ಮಲಗಿದ್ದ, ಚಡ್ಡಿ ಮ್ಯಾಲ!"

ಶಾಂತಾದೇವಿ ನಕ್ಕರು, ನಗುತ್ತಲೇ ಅತ್ತರು. "ಇದನ್ನ ಹೇಳಿ ಗಾಡಿಯಾಗ ಹೆಂಗ ನಕ್ಕಳೋ ಯಪ್ಪಾ! ಎದಿ ಹಿಡಕೊಂಡು ನಗತಿದ್ಲು. ನಗಬ್ಯಾಡಬೇ, ನೋವಾಗತೈತಿ ಅಂದೆ. ಚಡ್ಡಿ ಮಾತು ಶರಣ್ಯಾಗ ಹೇಳಿದ್ರ ಹೆಂಗ ನಗತಾನ ನೋಡು, ಅಂದ್ಲು. ನೀರು ಕುಡದ್ಲು. ನನ್ನ ಹೆಗಲ ಮ್ಯಾಲ ತಲಿ ಇಟ್ಲು. ಮಲಗಿದ್ಲು ಅಂತನs ನಾ ತಿಳದೆ."

ಶರಣಬಸವನ ಹೊಟ್ಟೆಯೊಳಗಿಂದ ಒಂದು ಸದ್ದು ಬಂತು. ಅಳುತ್ತಿದ್ದಾನೆ ಎಂದುಕೊಂಡೆ. ಅವನು ನಗುತ್ತಿದ್ದ. ಆಮೇಲೆ ಅವೆರಡರಲ್ಲಿ ಯಾವುದು ಎಂದು ಅವನಿಗೂ ತಿಳಿಯದಂತಾಯಿತು. ಮೆಟ್ಟಿಲಿಗೆ ಇಳಿದು ಶಾಂತಾದೇವಿಯ ಪಕ್ಕ ಕೂತು, ಮುಖ ಮುಚ್ಚಿಕೊಂಡ. ಅವರು ಅವನ ಬೆನ್ನು ತಟ್ಟಿದರು, ಎಮ್ಮೆಗೆ ತಟ್ಟುವ ಹಾಗೆ, ಅಂಗೈ ಅಗಲ ಮಾಡಿ.

"ಹೋಗು, ಮಲಗು," ಎಂದರು. "ನಾ ಕುಂತೇನಿ."

"ಏನಾದ್ರೂ ಆದ್ರ?"

"ಏನರ ಆದ್ರ ಬಾಗಿಲಾ ಮುರದು ಎಬ್ಬಸ್ತೇನಿ. ಈ ಸಲ ಯಾರು ಕೈ ಹಿಡದ್ರೂ ಕೇಳಂಗಿಲ್ಲ. ಬಸವಣ್ಣನ ಆಣಿ."

ಅವನು ಕಿಸೆಯಿಂದ ಸೆರಗಿನ ತುಂಡು ತೆಗೆದ. ಮಡಿಕೆಯ ಗೆರೆಗಳಲ್ಲಿ ಕೆಂಪು ಮಾಸಿತ್ತು. ಚಿಲಕದ ತನಕ ಒಯ್ದು ನನ್ನ ಕೈಗೆ ಕೊಟ್ಟ. ನಾನು ಕಟ್ಟಿದೆ.

*

ಅವನು ಎಂಟೂ ಮುಕ್ಕಾಲಿಗೆ ಮಲಗಿದ. ನಾನು ಒಳಗೆ, ಅವನ ಉಸಿರು ಕೇಳಿಸುವಷ್ಟು ದೂರದಲ್ಲಿ ಅಕ್ಕಿ ಆರಿಸುತ್ತ ಕೂತೆ. ಹತ್ತು ನಿಮಿಷ ಅವನು ಮಗ್ಗಲು ಬದಲಿಸಿದ. ಒಮ್ಮೆ, "ಅಕ್ಕ ಅದಾರೇನು?" ಎಂದು ಕೇಳಿದ. "ಅದಾರ್ರಿ." ಮತ್ತೆ ಕೇಳಲಿಲ್ಲ.

ಹೊರಗಿನ ಸುದ್ದಿ ಕಿಟಕಿಯಿಂದ ಬರುತ್ತಿತ್ತು. ಹನ್ನೊಂದು ತಿಂಗಳ ಮೇಲೆ ಆ ಬಾಗಿಲಿಗೆ ಬಟ್ಟೆ ಕಟ್ಟಿದ್ದನ್ನು ಲೈನು ನೋಡಿತು. ಮೊದಲು ಮಾಲವ್ವ ಬಂದಳು, ಶಾಂತಾದೇವಿಯ ಕೆಳಗಿನ ಮೆಟ್ಟಿಲಲ್ಲಿ ಕೂತಳು. ಯಾರದೋ ಮನೆಯ ಕುಕ್ಕರ್ ಒಂದು ಸೀಟಿ ಹೊಡೆದು, ಎರಡನೆಯದು ಅರ್ಧಕ್ಕೇ ನಿಂತಿತು. ತರಕಾರಿ ಗಾಡಿಯವ ಹೊಸಬ. ಮೈಕಿನಲ್ಲಿ "ಉಳ್ಳಾಗಡ್ಡಿ, ಬಟಾಟಿ" ಎನ್ನುತ್ತ ತಿರುವಿನಲ್ಲಿ ಬಂದಾಗ ಶಾಂತಾದೇವಿ ಎದ್ದು ಓಡಿದ್ದು ಕೇಳಿಸಿತು.

"ಏ ಪುಣ್ಯಾತ್ಮಾ, ಬಂದ್ ಮಾಡೋ ಅದನ್ನ!"

"ಯಾಕ್ರಿ ಬಾಯಾರ, ಯಾರಾದ್ರೂ ತೀರಕೊಂಡಾರೇನ್ರಿ?"

"ಇಲ್ಲೋ. ಮಲಗ್ಯಾನ. ಮಲಗ್ಯಾನ ಅಷ್ಟs." ಅವರ ಧ್ವನಿ ಎಷ್ಟು ಹಿಗ್ಗಿತ್ತೆಂದರೆ ಗಾಡಿಯವನಿಗೆ ಏನನ್ನಿಸಿತೋ. ಮೈಕು ಬಂದಾಯಿತು. ಒಂದು ಕಿಲೋ ಉಳ್ಳಾಗಡ್ಡಿಯನ್ನು ಅವರಿಬ್ಬರೂ ಪಿಸುಮಾತಿನಲ್ಲಿ ಚೌಕಾಸಿ ಮಾಡಿದರು.

ಮಧ್ಯಾಹ್ನ ನಾನು ಅವನನ್ನು ನೋಡುತ್ತ ಕೂತೆ. ಮುಚ್ಚಿದ ರೆಪ್ಪೆಗಳಡಿ ಕಣ್ಣುಗಳು ಆಚೆ ಈಚೆ ಓಡುತ್ತಿದ್ದವು, ಯಾರನ್ನೋ ಹುಡುಕುವ ಹಾಗೆ. ಹುಬ್ಬು ಗಂಟಾಯಿತು. ತುಟಿ ಅಲುಗಿತು. ಎಬ್ಬಿಸಲೇ ಎಂದು ಕೈ ಚಾಚಿದೆ. ಆ ಕೈ ನಡುವೆಯೇ ನಿಂತಿತು. ಶಾಂತಾದೇವಿಯ ಕೈ ಎಷ್ಟು ಭಾರವಾಗಿದ್ದೀತು ಎಂದು ನನಗೆ ಆಗ ತಿಳಿಯಿತು. ಸ್ವಲ್ಪ ಹೊತ್ತಿಗೆ ಹುಬ್ಬು ಸಡಿಲವಾಯಿತು. ಅವನು ಗೋಡೆಯ ಕಡೆ ಹೊರಳಿ ಬಾಯಿ ತೆರೆದುಕೊಂಡು ಗೊರಕೆ ಹೊಡೆಯತೊಡಗಿದ.

ಎದ್ದಾಗ ನಾಲ್ಕೂ ಹತ್ತು. ಹಾಸಿಗೆಯ ಮೇಲೆ ಕೂತು ತನ್ನ ಪಾದಗಳನ್ನೇ ನೋಡುತ್ತಿದ್ದ. ನಾನು ಚಹಾ ತಂದೆ. ಶಾಂತಾದೇವಿಯೂ ಒಳಗೆ ಬಂದು ಬಾಗಿಲಿಗೆ ಒರಗಿದರು, ಏನಾಗುವುದೋ ಎಂಬ ಮುಖದಲ್ಲಿ.

"ಅಕಿ ಬೈಲಿಲ್ಲ," ಎಂದ.

"ಯಾರು?"

"ಅವ್ವ. ಆವತ್ತು. ತಲಿ ತಿನ್ನಬ್ಯಾಡ ಅಂದೆ ನೋಡು. ನನಗ ಅಷ್ಟs ನೆನಪಿತ್ತು. ನೀ ಹೋದಮ್ಯಾಲ ಅಕಿ ಒಳಗ ಬಂದಿದ್ಲು. ನನ್ನ ಕಾಲು ಚಾದರದ ಹೊರಗಿತ್ತು. ಎಳದು ಒಳಗ ಇಟ್ಲು. ಮಲಗಪಾ, ಕನಸೇನು ಬಸ್ ಹತ್ತಿ ಹೋಗತೈತಿ? ಅಂದ್ಲು. ನಾನು ನಿದ್ದಿಗಣ್ಣಾಗ ಮರೀಬ್ಯಾಡ ಮತ್ತ, ಅಂದೆ. ಅಂದೇನಿ ಸುನಂದಾ. ಅಕಿ ಕೈ ಬೆಚ್ಚಗಿತ್ತು. ವಿಭೂತಿ ವಾಸನಿ ಬರ್ತಿತ್ತು."

ಇದು ನಿಜವಾಗಿ ನಡೆದದ್ದೋ, ಆ ಏಳು ತಾಸಿನ ನಿದ್ದೆ ಹಳೆಯ ತುಂಡುಗಳನ್ನು ಜೋಡಿಸಿ ಹೊಲಿದದ್ದೋ ನನಗೆ ಗೊತ್ತಿಲ್ಲ. ನಾನು ಬಸ್ಸಿನಲ್ಲಿದ್ದೆ. ಆದರೆ ಅತ್ತೆ ಮಗನ ಕಾಲನ್ನು ಚಾದರದೊಳಗೆ ಸೇರಿಸದೆ ಹೊರಗೆ ಬಂದ ದಿನವನ್ನು ನಾನು ನೋಡಿಲ್ಲ.

"ಈಗ ಹೆಂಗ ಅನಸ್ತೈತ್ರಿ?" ಎಂದು ಕೇಳಿದೆ.

ಅವನು ಹಲ್ಲುನೋವಿನವನು ನಾಲಗೆಯಿಂದ ಮುಟ್ಟಿ ನೋಡಿಕೊಳ್ಳುವ ಹಾಗೆ ಒಳಗೆ ಎಲ್ಲೋ ಮುಟ್ಟಿ ನೋಡಿಕೊಂಡ. "ಐತಿ," ಎಂದ. "ಉರಿ ಐತಿ. ಆದ್ರ ಅದರ ಮಗ್ಗಲಕ ಅಕೀನೂ ಅದಾಳ."

ಚಹಾದ ಲೋಟ ಮುಂದೆ ಹಿಡಿದೆ. ಅವನು ತೆಗೆದುಕೊಳ್ಳಲು ಕೈ ಚಾಚಿ, ಹಿಂದಕ್ಕೆ ಎಳೆದುಕೊಂಡ.

"ತಡಿ. ನನಗೂ ಒಂದು ಬಿದ್ದಿತ್ತು. ಮೊದಲು ಅದನ್ನ ಹೇಳ್ತೇನಿ. ಅಕ್ಕಾರ, ಬರ್ರಿ, ಕುಂದರ್ರಿ. ನಿಮ್ಮ ಮಲಕಪ್ಪಣ್ಣನೂ ಬಂದಿದ್ದ ಅದರಾಗ, ಕಸಬರಗಿ ಹಿಡಕೊಂಡು."

ಶಾಂತಾದೇವಿ ಆಗಲೇ ನಗತೊಡಗಿದ್ದರು. ಹಾಸಿಗೆಯ ತುದಿಯಲ್ಲಿ ಕೂತರು. ನಾನು ಲೋಟವನ್ನು ಕಿಟಕಿಯ ಕಟ್ಟೆಯ ಮೇಲೆ ಇಟ್ಟು ಅವರ ಪಕ್ಕ ಕೂತೆ. ಚಹಾದ ಮೇಲೆ ಕೆನೆ ಕಟ್ಟತೊಡಗಿತ್ತು. ಕಟ್ಟಲಿ ಎಂದು ಬಿಟ್ಟೆ.